ಡಗ್ಗಾ ಮಾಸ್ತರರ ಗಿಟಾರು

ಕುಂಬಳಕಾಯಿ ತರಲು ಡಗ್ಗಾ ಮಾಸ್ತರರ ಸಂಗಡ ಯಾರೂ ಸಂತೆಗೆ ಹೋಗಬಾರದು ಅಂತ ನಮ್ಮ ಓಣಿಯಲ್ಲಿ ಒಂದು ಮಾತಿತ್ತು. ಉಳಿದವರೆಲ್ಲ ಕಾಯಿಯ ತೊಟ್ಟು ನೋಡುತ್ತಾರೆ, ತೂಕ ನೋಡುತ್ತಾರೆ. ಇವರು ಕುಕ್ಕರಗಾಲಿನಲ್ಲಿ ಕುಳಿತು, ಕಾಯಿಯನ್ನು ಮೊಣಕಾಲಿಗೆ ಆನಿಸಿಕೊಂಡು, ಕಣ್ಣು ಮುಚ್ಚಿ, ಎಡಗೈ ಬೆರಳುಗಳಿಂದ ಬಡಿದು ಕೇಳುತ್ತಿದ್ದರು. ಒಂದಾಯಿತು, ಮತ್ತೊಂದು, ಮಗದೊಂದು. ಮಾರುವಾಕೆಗೆ ರೇಗುತ್ತಿತ್ತು.

"ಯಪ್ಪಾ ಮಾಸ್ತರ, ತಗೊಳ್ಳಾಕ ಬಂದೀರೋ, ಬಾರಸಾಕ ಬಂದೀರೋ?"

"ತಡಿಯವ್ವಾ, ಇದು ಛಲೋ ಮಾತಾಡಾಕತ್ತೈತಿ."

ಹೀಗೆ ನಾದ ಕೇಳಿ ಆರಿಸಿ ತಂದ ಕಾಯಿಯನ್ನು ಮನೆಯಲ್ಲಿ ಹೆಚ್ಚಿದರೆ ಒಳಗೆಲ್ಲ ಬರೀ ಟೊಳ್ಳು. ಅವರ ಹೆಂಡತಿ, ನಾವೆಲ್ಲ ಅಕ್ಕಾರು ಅನ್ನುತ್ತಿದ್ದ ಆ ತಾಯಿ, ಈಳಿಗೆ ಮಣೆಯ ಮುಂದೆ ಕುಳಿತೇ ಓಣಿಗೆಲ್ಲ ಕೇಳುವಂತೆ ಹೇಳುವರು: "ಇವರು ತಂದ ಕುಂಬಳಕಾಯ್ಯಾಗ ಪಲ್ಯಾ ಒಂದು ಬಿಟ್ಟು ಉಳದದ್ದೆಲ್ಲಾ ಐತ್ರೆವ್ವಾ!"

ಆ ಮಾಸ್ತರರು ತೀರಿಹೋದರು ಅಂತ ಮೊನ್ನೆ ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ. ಹೋಗಿ ವರ್ಷದ ಮೇಲಾಯಿತಂತೆ. ನಾನು ಊರು ಬಿಟ್ಟು ಭಾಳ ದಿನವಾದದ್ದಕ್ಕೆ ಸುದ್ದಿ ಮುಟ್ಟಿರಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ಸುಮ್ಮನೆ ಅವರದೇ ನೆನಪು ಒಂದರ ಬೆನ್ನಿಗೊಂದು ಬರತೊಡಗಿತು. ಹೆಸರು ಬರೆಯುವುದಿಲ್ಲ. "ಹೆಸರಿರೂದು ಹಾಜರಿ ಕರಿಯಾಕ, ತಮ್ಮಾ" ಅನ್ನುತ್ತಿದ್ದವರು ಅವರು. ಊರೆಲ್ಲ ಅವರನ್ನು ಡಗ್ಗಾ ಮಾಸ್ತರ ಅಂತಲೇ ಕರೆಯುತ್ತಿತ್ತು. ನನಗೂ ಅಷ್ಟೇ ಸಾಕು.

ಎಪ್ಪತ್ತರ ದಶಕದ ನಡುವೆ ನಾನು ಹಿಟ್ನಾಳದ ಸಾಲಿಗೆ ಮಾಸ್ತರನಾಗಿ ಹೊಸದಾಗಿ ಸೇರಿದಾಗ ಅವರು ಅಲ್ಲಿ ಹಿರಿಯ ಮಾಸ್ತರರು. ಇಬ್ಬರ ಮನೆಯೂ ಕೊಪ್ಪಳದಲ್ಲಿ, ಒಂದೇ ಓಣಿಯಲ್ಲಿ, ಎದುರುಬದುರು. ಬೆಳಿಗ್ಗೆ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ಮುಂದೆ ಎಷ್ಟು ಸೀಟು ಖಾಲಿ ಇದ್ದರೂ ಅವರು ಹೋಗಿ ಕೂಡುವುದು ಹಿಂದಿನ ಗಾಲಿಯ ಮೇಲಿನ ಸೀಟಿನಲ್ಲಿ. ಮೈ ಕುಲುಕುತ್ತದೆ ಅಂತ ಎಲ್ಲರೂ ಬಿಟ್ಟ ಸೀಟು ಅದು. "ಎಂಜಿನ್ ದನಿ ಯಾರಿಗಾದ್ರೂ ಕೇಳತೈತಿ. ಗಾಲಿ ದನಿ ಕೇಳಬೇಕಂದ್ರ ಇಲ್ಲಿ ಕೂಡಬೇಕು" ಅನ್ನುವರು. ನಾನು ಮೊದಲು ಅವರಿಗೆ ತಲೆ ನೆಟ್ಟಗಿಲ್ಲ ಅಂದುಕೊಂಡೆ. ಆಮೇಲಾಮೇಲೆ ನಾನೂ ಅಲ್ಲೇ ಕೂಡತೊಡಗಿದೆ.

ಅವರ ಮನೆಗೆ ಮೊದಲ ಸಲ ಹೋದವರಿಗೆ ಕೂಡಲು ಜಾಗ ಸಿಗುವುದು ಕಷ್ಟವಿತ್ತು. ತಬಲಾ ಜೋಡಿಯಲ್ಲಿ ಬಲಗೈಗೆ ತಬಲಾ, ಎಡಗೈಗೆ ಡಗ್ಗಾ ಇರುತ್ತದಲ್ಲ, ಆ ದಪ್ಪ ದನಿಯದು. ಮಾಸ್ತರರ ಹತ್ತಿರ ತಬಲಾ ಇದ್ದದ್ದು ಒಂದೇ. ಡಗ್ಗಾಗಳು ಮಾತ್ರ ಅಟ್ಟದ ಮೇಲೆ, ಮಂಚದ ಕೆಳಗೆ, ದೇವರ ಮಾಡದ ಪಕ್ಕ, ಎಲ್ಲಿ ನೋಡಿದರಲ್ಲಿ. ತಾಮ್ರದ್ದೊಂದು ಕನಕಗಿರಿಯಿಂದ ಬಂದದ್ದು. ಮಣ್ಣಿನದನ್ನು ನವಲಿಯಿಂದ ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಮತ್ತೊಂದು, ಕುಷ್ಟಗಿಯಲ್ಲಿ ಕ್ಯಾಂಪು ಹಾಕಿ ಅಲ್ಲೇ ಬಿದ್ದುಹೋದ ನಾಟಕ ಕಂಪನಿಯದು. ಇಷ್ಟೆಲ್ಲ ಯಾಕೆ ಅಂತ ಕೇಳಿದ್ದಕ್ಕೆ ಮಾಸ್ತರರು ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠವಿದೆ.

"ನೋಡು ತಮ್ಮಾ, ಬಲಗೈ ಕತಿ ಹೇಳತೈತಿ, ಎಡಗೈ ಹೂಂ ಅಂತೈತಿ. ಕತಿ ಹೇಳಾವ್ರು ಮನಿಗೊಬ್ಬರು ಇದ್ರ ಸಾಕು. ಹೂಂ ಅನ್ನಾವ್ರು ಎಷ್ಟಿದ್ರೂ ಕಡಿಮಿನ."

"ಆದ್ರೂ ಒಂದು ಕೈಗೆ ಇಷ್ಟು ಬೇಕೇನ್ರಿ ಸರ?"

"ಬೇಕಾಗಿಲ್ಲ. ಬೇಕಾದ್ದು ಎಲ್ಲಾ ಅಂಗಡ್ಯಾಗೂ ಸಿಗತೈತಿ. ಬ್ಯಾಡಾದ್ದನ್ನ ಹುಡುಕಬೇಕಾಗತೈತಿ."

ಒಳಗಿನಿಂದ ಅಕ್ಕಾರ ದನಿ: "ಎಲ್ಲಾರೂ ಅಟ್ಟದ ಮ್ಯಾಲೆ ಕಾಳು ಇಡ್ತಾರ. ನಾವು ಗಾಳಿ ಇಟ್ಟೇವಿ, ತೊಗಲು ಕಟ್ಟಿ!"

ಮಾಸ್ತರರು ನಗುತ್ತಿದ್ದರು. ಸಿಟ್ಟು ಎಂಬುದನ್ನು ಅವರ ಮುಖದ ಮೇಲೆ ನಾನು ಕಂಡವನಲ್ಲ. ಸಾಲಿಯಲ್ಲಿ ಹುಡುಗರು ಗದ್ದಲ ಮಾಡಿದರೂ ಬೆತ್ತ ಹಿಡಿಯುತ್ತಿರಲಿಲ್ಲ. ಮೇಜಿನ ಮೇಲೆ ಎಡ ಅಂಗೈಯನ್ನು ಒಮ್ಮೆ ಒತ್ತಿ ಜಾರಿಸಿದರೆ 'ಘುಂ' ಅಂತ ಒಂದು ದನಿ ಬರುತ್ತಿತ್ತು. ಅಷ್ಟಕ್ಕೇ ಕೊನೆಯ ಸಾಲಿನವರೂ ಬಾಯಿ ಮುಚ್ಚುವರು.

ಸೋಮವಾರಕ್ಕೊಮ್ಮೆ ಓಣಿಯ ಬಸವಣ್ಣನ ಗುಡಿಯಲ್ಲಿ ಭಜನೆ. ಹಾಡುವವರು ಹತ್ತಿ ಗಿರಣಿಯಲ್ಲಿ ದುಡಿದು ಮುಪ್ಪಾದ ಒಬ್ಬ ಅಜ್ಜ, ಎಲ್ಲರಿಗೂ ಮುತ್ಯಾ. ಗಿರಣಿಯ ಹತ್ತಿಪುಡಿ ಎದೆಯಲ್ಲಿ ಕುಳಿತು ಮುತ್ಯಾನ ಉಸಿರು ಸಣ್ಣದಾಗಿತ್ತು. ಹಾಡು ಹಾಡುತ್ತಲೇ ನಡುವೆ ಉಸಿರು ತುಂಡಾಗುವುದು. ಆಗ ಮಾಸ್ತರರ ಎಡಗೈ ಡಗ್ಗಾದ ಮೇಲೆ ಒಂದು ಉದ್ದನೆಯ ಗುಂಗು ಎಳೆದು ಆ ಸಂದನ್ನು ತುಂಬುತ್ತಿತ್ತು. ಅಷ್ಟರಲ್ಲಿ ಮುತ್ಯಾ ಉಸಿರು ಹಿಡಿದು ಮುಂದಿನ ಸಾಲಿಗೆ ಬಂದಿರುತ್ತಿದ್ದ. ಕೇಳುವವರಿಗೆ ಹಾಡು ಮುರಿದದ್ದೇ ಗೊತ್ತಾಗುತ್ತಿರಲಿಲ್ಲ. ಭಜನೆಯಲ್ಲಿ ಮುತ್ಯಾ ಹಾಕಿದ ಗೆರೆಯನ್ನು ಯಾರೂ ದಾಟುತ್ತಿರಲಿಲ್ಲ, ಮಾಸ್ತರರಂತೂ ಇಲ್ಲವೇ ಇಲ್ಲ.

ಎಂಬತ್ತರ ದಶಕ ಹತ್ತಿತು. ಗಂಗಾವತಿ ಕಡೆ ಕಾಲುವೆ ನೀರು, ಭತ್ತ, ರೈಸ್ ಮಿಲ್ಲು ಅಂತ ಊರಿಗೆ ಊರೇ ಗದ್ದಲವೆದ್ದಿತ್ತು. ಗಣಪತಿ ಕೂಡಿಸಿದರೆ ಆರ್ಕೆಸ್ಟ್ರಾ ಇರಲೇಬೇಕು. ಒಂದು ವರ್ಷ ಗಣಪತಿ ಹಬ್ಬದಲ್ಲೇ ನಾವಿಬ್ಬರೂ ಅಲ್ಲಿಗೆ ಸಾಲಿಯ ಗೆಳೆಯರೊಬ್ಬರ ಮಗುವಿನ ಹೆಸರಿಡುವುದಕ್ಕೆ ಹೋಗಿದ್ದೆವು. ಸಂಜೆ ಬಸ್ಸಿಗೆ ಹೊರಟಾಗ ಪೆಂಡಾಲಿನಲ್ಲಿ ಹಾಡು ಸುರುವಾಗಿತ್ತು. ಮಾಸ್ತರರು ನಡುರಸ್ತೆಯಲ್ಲಿ ನಿಂತುಬಿಟ್ಟರು. ಎದೆಯ ಮೇಲೆ ಕೈ ಇಟ್ಟುಕೊಂಡರು. ನನಗೆ ಗಾಬರಿ.

"ಏನಾತ್ರಿ ಸರ?"

"ತಮ್ಮಾ, ಎದ್ಯಾಗ ಯಾರೋ ನಡದಾಡಿದ್ಹಂಗ ಆಗಾಕತ್ತೈತಿ. ಬಾ ಇಲ್ಲೆ." ಪೆಂಡಾಲಿನ ಕಂಬಕ್ಕೆ ನನ್ನ ಕೈ ಹಿಡಿದು ಒತ್ತಿದರು. ಕಂಬ ನಡುಗುತ್ತಿತ್ತು. "ಹಾಡಾವ್ರ ದನಿ ಅಲ್ಲ ಇದು. ಬಾಜಾ ಪೇಟಿದೂ ಅಲ್ಲ. ಇನ್ನೊಂದು ಏನೋ ಐತಿ."

ಹಾಡು ಮುಗಿದ ಮೇಲೆ ಸ್ಟೇಜಿನ ಹಿಂದೆ ಹೋಗಿ ಹುಡುಕಿಯೇ ಬಿಟ್ಟರು. ತೆಳ್ಳನೆಯ ಒಬ್ಬ ಯುವಕನ ಕೊರಳಲ್ಲಿ ಉದ್ದ ಹಿಡಿಕೆಯ ವಾದ್ಯ, ಅದಕ್ಕೆ ಬೆರಳಿನಷ್ಟು ದಪ್ಪ ಕಾಣುವ ನಾಲ್ಕೇ ತಂತಿ. ಬೇಸ್ ಗಿಟಾರು ಅಂದ ಅವನು.

"ಹಾಡಿನ್ಯಾಗ ಇದು ಏನ್ ಮಾಡತೈತಪಾ?"

"ಇದು ಯಾರಿಗೂ ಕೇಳೂದಿಲ್ರಿ ಸರ. ನಾ ಕೈ ಬಿಟ್ಟರ ಮಾತ್ರ, ಏನೋ ಕಡಿಮಿ ಬಿತ್ತಲ್ಲಾ ಅಂತಾರ."

ಮಾಸ್ತರರು ನನ್ನ ಕಡೆ ತಿರುಗಿದಾಗ ಅವರ ಕಣ್ಣು ತುಂಬಿತ್ತು. "ನೋಡಿದೇನು? ಡಗ್ಗಾಕ್ಕ ತಂತಿ ಕಟ್ಯಾರ!"

ಅಲ್ಲಿಂದ ಹಿಡಿಯಿತು ನೋಡಿ. ಕರಿಹಲಗೆಯ ಮೇಲೆ ಗಣಿತದ ಲೆಕ್ಕ ಬರೆಯುತ್ತ ಬರೆಯುತ್ತ ಮೂಲೆಯಲ್ಲಿ ಒಂದು ಗಿಟಾರು ಮೂಡುತ್ತಿತ್ತು. ಯಲಬುರ್ಗಾಕ್ಕೆ ತರಬೇತಿಗೆ ಹೋದರೆ ಅಲ್ಲಿಯ ಬ್ಯಾಂಡಿನವರನ್ನು ಕೇಳಿ ಬರುವರು. ಯಾರಾದರೂ ಹೊಸಪೇಟೆಗೆ ಹೊರಟರೆ "ನಾಕು ತಂತಿದು ಕಣ್ಣಿಗೆ ಬಿದ್ರ ನೋಡ್ಕೊಂಡು ಬರ್ರಿ" ಅಂತ ಹೇಳಿ ಕಳಿಸುವರು. ಅಕ್ಕಾರು ಒಂದು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದರು.

"ಅಲ್ರೀ, ಅದನ್ನ ಬಾರಸಾಕ ಬರತೈತೇನು ನಿಮಗ?"

"ಇಲ್ಲ."

"ಗುಡ್ಯಾಗ ನಡಿತೈತೇನು?"

"ಗೊತ್ತಿಲ್ಲ."

"ಮತ್ತ ತಂದು ಏನ್ ಮಾಡಾವ್ರು?"

"ಇಟ್ಕೋತೀನಿ."

ಅಕ್ಕಾರು ನನ್ನ ಕಡೆ ನೋಡಿ, "ನೀನಾದ್ರೂ ಹೇಳಪಾ, ಒಂದೀಟು ಕಲ್ತಾಂವ" ಅಂದರು. ನಾನು ಚಪ್ಪಲಿ ಹುಡುಕತೊಡಗಿದೆ. ಅವರು ಮತ್ತೆ ರೊಟ್ಟಿಗೆ ತಿರುಗಿ, ಇದ್ದ ಸಿಟ್ಟನ್ನೆಲ್ಲ ಹಿಟ್ಟಿನ ಮೇಲೆ ತೀರಿಸಿಕೊಂಡರು.

ಎರಡು ಗಣಪತಿ ಹಬ್ಬ ಕಳೆದ ಮೇಲೆ ಆ ಆರ್ಕೆಸ್ಟ್ರಾ ಒಡೆಯಿತು. ಗಿಟಾರಿನ ಯುವಕನಿಗೆ ದೂರದ ಊರಲ್ಲಿ ನೌಕರಿ ಸಿಕ್ಕಿತ್ತು. ಅವನ ಅಣ್ಣ ಯಾವುದೋ ಭಜನೆಯಲ್ಲಿ ತಬಲಾ ಬಾರಿಸುವವನು. ಮಾಸ್ತರರ ತಾಮ್ರದ ಡಗ್ಗಾದ ಮೇಲೆ ಅವನ ಕಣ್ಣು. ಕೊಡುಕೊಳ್ಳುವುದು ಕೂಡಿತು. ತಾಮ್ರದ್ದು, ನಾಟಕ ಕಂಪನಿಯದು, ಇನ್ನೂ ಎರಡು ಗಂಗಾವತಿಗೆ ಹೋದವು. ಅಕ್ಕಾರು ಮೊದಲ ಸಲ ಖುಷಿಯಾದರು. "ನಾಕು ಹೋಗಿ ಒಂದು ಬರತೈತಂದ್ರ ಬರ್ಲಿ ಬಿಡ್ರಿ, ಮಂಚದ ಬುಡಕ ಕಸಾ ಹೊಡಿಯಾಕರ ಬರತೈತಿ."

ಗಿಟಾರನ್ನು ಕೌದಿಯಲ್ಲಿ ಸುತ್ತಿ ಬಸ್ಸಿಗೆ ಹತ್ತಿಸಿದೆವು. ಕಂಡಕ್ಟರ್ ಗಂಟನ್ನು ಮೇಲೆ ಕೆಳಗೆ ನೋಡಿದ.

"ಏನ್ರಿ ಮಾಸ್ತರ, ಬಂದೂಕೇನು?"

"ಅಲ್ಲಪಾ, ವಾದ್ಯಾ."

"ಹಂಗಾರ ಟಾಪಿನ ಮ್ಯಾಲೆ ಹಾಕ್ರಿ."

"ನನ್ನನ್ನ ಟಾಪಿನ ಮ್ಯಾಲೆ ಹಾಕು, ಇದು ಇಲ್ಲಿ ಕೂಡಲಿ" ಅಂದರು ಮಾಸ್ತರರು. ಬಸ್ಸೆಲ್ಲ ನಕ್ಕಿತು. ಗಿಟಾರು ಗಾಲಿಯ ಮೇಲಿನ ಸೀಟಿನಲ್ಲಿ ಅವರ ತೊಡೆಗೆ ಒರಗಿ ಕೊಪ್ಪಳಕ್ಕೆ ಬಂತು.

ಬಂದದ್ದೇನೋ ಬಂತು. ಓಣಿಯೆಲ್ಲ ಸೇರಿತು. ಮಾಸ್ತರರು ಊದುಬತ್ತಿ ಹಚ್ಚಿ, ಕೈ ಮುಗಿದು, ದಪ್ಪ ತಂತಿಯನ್ನು ಮೀಟಿದರು. ಟಿಕ್ ಅಂತು. ಇನ್ನೊಮ್ಮೆ ಮೀಟಿದರು. ಟಿಕ್. ನೊಣ ಕೆಮ್ಮಿದಂತೆ. ಪೆಂಡಾಲಿನಲ್ಲಿ ಕಂಬ ನಡುಗಿಸಿದ್ದು ಗಿಟಾರಲ್ಲ, ಅದರ ಹಿಂದಿದ್ದ ಕರೆಂಟಿನ ಡಬ್ಬಿ ಎಂಬುದು ನಮಗಿಬ್ಬರಿಗೂ ಹೊಳೆದೇ ಇರಲಿಲ್ಲ. ತೊಗಲಿನ ವಾದ್ಯ ನೋಡಿ ಬೆಳೆದವರು ನಾವು. ವಾದ್ಯದ ದನಿ ವಾದ್ಯದಲ್ಲಿಯೇ ಇರುತ್ತದೆ ಅಂತ ನಂಬಿದವರು.

ಮದುವೆ ಮುಂಜಿಗೆ ಮೈಕ್ ಸೆಟ್ಟು ಬಾಡಿಗೆ ಕೊಡುವ ಚಾಚಾ ನಮ್ಮ ಓಣಿಯ ತುದಿಯಲ್ಲಿದ್ದರು. ಮಾಸ್ತರರ ಮುಖ ನೋಡಲಾಗದೆ ತಮ್ಮ ಆಂಪ್ಲಿಫೈಯರ್ ತಂದು, ಹೇಗೋ ತಂತಿ ಜೋಡಿಸಿ, ತುತ್ತೂರಿ ಬಾಯಿಯ ಭೋಂಗಾವನ್ನು ಕಟ್ಟೆಯ ಮೇಲೆ ಇಟ್ಟರು. ಮಾಸ್ತರರು ಮೀಟಿದರು. ಭೋಂಗಾದೊಳಗಿನಿಂದ 'ಞೀಂ' ಅಂತ ಸೊಳ್ಳೆಯಂಥ ಒಂದು ದನಿ ಬಂತು.

ಚಾಚಾ ತಲೆಯಾಡಿಸಿದರು. "ಮಾಸ್ತರ್ ಸಾಬ್, ನಮ್ಮ ಭೋಂಗಾಕ್ಕ ಚೀರಾಕ ಬರತೈತಿ, ಗುರುಗುಡಾಕ ಬರಂಗಿಲ್ಲ. ಇದಕ್ಕ ದೊಡ್ಡ ಡಬ್ಬಿ ಆಗಬೇಕ್ರಿ. ಇಡೀ ಕೊಪ್ಪಳದಾಗ ಇಲ್ಲ ಅದು."

ಕಟ್ಟೆಯ ಮೇಲೆ ಕುಳಿತಿದ್ದ ಮುತ್ಯಾ ಬಾಯೊಳಗಿನ ಎಲೆ ಉಗುಳಿ ಅಂದ, "ಆನಿ ತರ್ತೀನಂತ ಹೋಗಿ ಗುಂಗಾಡ ತಂದಾನಲೋ ನಮ್ಮ ಮಾಸ್ತರ!"

ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಮಾಸ್ತರರೂ ನಕ್ಕರು. ಆದರೆ ಅವತ್ತು ಅವರ ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು, ಯಾರೋ ಮರೆತು ಹೋದ ಸಾಮಾನಿನ ಹಾಗೆ.

ಮುಂದಿನ ರವಿವಾರ ಮಧ್ಯಾಹ್ನ. ಮಾಸ್ತರರು ಒಳಗೆ, ಬಾಗಿಲ ಪಕ್ಕದಲ್ಲೇ, ಬೇಸರದಿಂದ ಗಿಟಾರು ಹಿಡಿದು ಕುಳಿತಿದ್ದಾರೆ. ಅಕ್ಕಾರು ಹೊರಗೆ, ಮುಚ್ಚಿದ ತಲಬಾಗಿಲಿಗೆ ಬೆನ್ನು ಆನಿಸಿ ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಾರೆ. ಮಾಸ್ತರರು ಮೈ ಮುರಿದು ಹಿಂದಕ್ಕೆ ವಾಲಿದಾಗ ಗಿಟಾರಿನ ತಲೆ ಬಾಗಿಲಿಗೆ ತಾಗಿತು. ಕೈ ತಂತಿಯ ಮೇಲೇ ಇತ್ತು.

ಹೊರಗಿನಿಂದ ಅಕ್ಕಾರು ಮೊರ ಚೆಲ್ಲಿ ಚೀರಿದರು: "ಅಯ್ಯ ಶಿವನ! ಬಾಗಲಾ ಗುರ್ ಅಂತಲ್ರೀ!"

ಒಳಗಿನಿಂದ ಮಾಸ್ತರರು ಚೀರಿದರು: "ಏನಂತು? ಮತ್ತ ಹೇಳು!"

"ನನ್ನ ಬೆನ್ನಾಗ ಬಂತ್ರೀ, ಬೆನ್ನಾಗ!"

ಚೆಲ್ಲಿದ ಅಕ್ಕಿಯನ್ನು ಕೇಳುವವರಿಲ್ಲ. ಒಬ್ಬರು ಒಳಗೆ ಮೀಟುವುದು, ಒಬ್ಬರು ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ಹೂಂ ಅನ್ನುವುದು. ಎದುರಿನ ನಮ್ಮ ಕಟ್ಟೆಯ ಮೇಲೆ ನಿಂತು ಅದನ್ನು ನೋಡುತ್ತ ಕೇಳುತ್ತ ಇದ್ದ ನನಗೆ ಇಬ್ಬರೂ ಸಾಲಿ ಬಿಟ್ಟ ಮಕ್ಕಳ ಹಾಗೆ ಅನಿಸಿದರು. ಆಮೇಲೆ ನನ್ನನ್ನೂ ಕೂಡಿಸಿದರು. ಅಜ್ಜನ ಕಾಲದ ಸಾಗವಾನಿ ಬಾಗಿಲು, ಒಂದು ಗೇಣಿನ ದಪ್ಪ ಚೌಕಟ್ಟು. ಮೀಟಿದಾಗ ಹಲಗೆಯೊಳಗಿಂದ ಒಂದು ಬೆಚ್ಚನೆಯ ದನಿ ಬಂದು ಬೆನ್ನುಹುರಿಯ ಬುಡಕ್ಕೆ ಕುಳಿತು, ನಿಧಾನಕ್ಕೆ ಹೆಗಲಿಗೆ ಏರಿತು. ಕಿವಿಗೆ ಏನೂ ಇಲ್ಲ. ಮೈಯೆಲ್ಲ ಕಿವಿ.

ಅಲ್ಲಿಂದ ಪ್ರತಿ ರವಿವಾರ ಮಾಸ್ತರರ ಬಾಗಿಲು ಮುಚ್ಚಿತೆಂದರೆ ಓಣಿಯವರು ಬಂದು ಸರದಿಯ ಮೇಲೆ ಒರಗಿ ಕೂಡುವರು. ಸೊಂಟ ಹಗುರಾಯಿತು ಅಂತ ಒಬ್ಬರು ಹೇಳಿದ್ದೇ ತಡ, ಸೊಂಟ ನೋವಿನವರೂ ಬಂದರು. ಅಕ್ಕಾರು ಅವರಿಗೆ ಚಹಾ ಮಾಡಿ ಮಾಡಿ ಬೇಸತ್ತು, "ಹಿಂದಕ ಗಾಳಿ ಕಾಯ್ತಿದ್ದೆ, ಈಗ ದವಾಖಾನಿ ನಡಸಾಕತ್ತೀನಿ" ಅನ್ನುತ್ತಿದ್ದರು. ಆದರೆ ಎಲ್ಲರೂ ಹೋದ ಮೇಲೆ ಕೊನೆಗೆ ಬಾಗಿಲಿಗೆ ಒರಗಿ ಕೂಡುವವರು ಅವರೇ.

ಇಷ್ಟಾದ ಮೇಲೆ ಮಾಸ್ತರರಿಗೆ ಒಂದೇ ಆಸೆ ಉಳಿಯಿತು. ಬಸವಣ್ಣನ ಗುಡಿಯ ಬಾಗಿಲು ನಮ್ಮ ಮನೆಗಳದಕ್ಕಿಂತ ಎರಡು ಪಾಲು ದೊಡ್ಡದು. ಒಂದು ಸೋಮವಾರ, ಒಂದೇ ಒಂದು ಸೋಮವಾರ, ಗಿಟಾರನ್ನು ಅದಕ್ಕೆ ಆನಿಸಿ ಮುತ್ಯಾನ ಹಾಡಿಗೆ ಬಾರಿಸಬೇಕು. ಕೇಳಿದರು. ಮುತ್ಯಾ ಖಡಾಖಂಡಿತ ಅಂದ: "ಬ್ಯಾಡ."

"ಮೈಲಿಗಿ ಅಂತೀರೇನು ಮುತ್ಯಾ?"

"ಮೈಲಿಗಿ ಗೀಲಿಗಿ ಅಲ್ಲೋ. ನೀ ಬಾಗಲಾ ಹಿಡಕೊಂಡು ಕುಂತ್ರ ನನ್ನ ಉಸರು ಯಾರು ಹಿಡಿಯಾವ್ರು? ನಾ ಇರೂತನಾ ನಿನ್ನ ಕೈ ಡಗ್ಗಾದ ಮ್ಯಾಲೆ ಇರಬೇಕು."

ಮಾಸ್ತರರು ಹೂಂ ಅಂದರು. ಆಸೆ ಮಾತ್ರ ಹೋಗಲಿಲ್ಲ. ಗುಡಿಗೆ ಹೋದಾಗ ಬಾಗಿಲನ್ನು ಅಂಗೈಯಿಂದ ಮೆಲ್ಲಗೆ ತಟ್ಟಿ ಒಳಗೆ ಹೋಗುವರು.

ಮುತ್ಯಾನೇ ಒಂದು ದಿನ ಬಂದ. ವಾರದ ನಡುವೆ, ಉರಿಬಿಸಿಲಿನಲ್ಲಿ, ಓಣಿಯಲ್ಲಿ ಯಾರೂ ಇಲ್ಲದಾಗ. ಸಾಲಿಗೆ ಬೇಸಗೆ ಸೂಟಿ ಇತ್ತು. ಎಲೆಗೆ ಸುಣ್ಣ ಬೇಕು ಅಂದ. ಅಕ್ಕಾರು ಸುಣ್ಣ ಕೊಟ್ಟರು. ಹೋಗಲಿಲ್ಲ. ಬಾಗಿಲ ಹತ್ತಿರ ಕುಳಿತು, ಅತ್ತ ಇತ್ತ ನೋಡಿ, "ಹೂಂ, ಬಾರಸು" ಅಂದ. ಮಾಸ್ತರರು ಒಳಗೆ ಓಡಿ ಬಾಗಿಲು ಮುಚ್ಚಿದರು. ನಾನು ಎದುರಿನ ನಮ್ಮ ಬಾಗಿಲ ಮರೆಯಿಂದ ನೋಡುತ್ತಿದ್ದೆ. ಮುತ್ಯಾ ಬಾಗಿಲಿಗೆ ಬೆನ್ನು ಆನಿಸಿ ಕಣ್ಣು ಮುಚ್ಚಿದ. ಎದೆಯ ಗೊರಗೊರ ಸಣ್ಣಗಾಗುತ್ತ ಬಂತು. ತುಟಿಯೊಳಗೇ ಏನೋ ಗುನುಗಿದ. ಭಾಳ ಹೊತ್ತಿನ ಮೇಲೆ ಎದ್ದು ಧೋತರದ ಧೂಳು ಜಾಡಿಸಿಕೊಂಡ.

"ಛಲೋ ಐತಿ."

ಬಾಗಿಲು ತೆರೆದು ಬಂದ ಮಾಸ್ತರರ ಮುಖ ಅರಳಿತು. "ಹಂಗಾರ ಸೋಮವಾರ..."

"ಛಲೋ ಐತಿ ಅಂದೆ. ಬರ್ಲಿ ಅನ್ನಲಿಲ್ಲ." ಸುಣ್ಣ ಮರೆತು ಹೊರಟುಹೋದ.

ಆ ಬೇಸಗೆಯಲ್ಲೇ ಮುತ್ಯಾ ತೀರಿಕೊಂಡ. ನಮ್ಮ ಕಡೆ ಹಿರಿಯರು ಹೋದರೆ ಹೆಣವನ್ನು ಕೂಡಿಸಿ, ವಿಭೂತಿ ಹಚ್ಚಿ, ಮಾಲೆ ಹಾಕಿ, ಎತ್ತುವ ತನಕ ಸುತ್ತ ಕುಳಿತು ಭಜನೆ ಮಾಡುವುದು ಪದ್ಧತಿ. ಮುತ್ಯಾನನ್ನು ಅವನ ಮನೆಯ ಪಡಸಾಲೆಯಲ್ಲಿ, ಕಳಚಿಟ್ಟ ಒಂದು ಬಾಗಿಲ ಹಲಗೆಗೆ ಒರಗಿಸಿ ಕೂಡಿಸಿದ್ದರು. ಭಜನೆ ಮೇಳದವರ ಕಣ್ಣು ಆ ಹಲಗೆಯ ಮೇಲೆ ಹೋಯಿತು, ಅಲ್ಲಿಂದ ಮಾಸ್ತರರ ಮೇಲೆ ಬಂತು.

"ತರ್ರಿ ಮಾಸ್ತರ ನಿಮ್ಮ ಗಿಟಾರು" ಅಂದ ತಾಳದವನು. "ಮುತ್ಯಾ ಇರೂತನಾ ಬ್ಯಾಡ ಅಂದಿದ್ದ. ಈಗ ಬ್ಯಾಡ ಅನ್ನಾವ್ರು ಯಾರದಾರ?"

ಉಳಿದವರೂ ಹೌದೆಂದರು. ಮುತ್ಯಾನ ಮಗನೇ, "ತರ್ರಿ ಸರ, ನಮ್ಮಪ್ಪಗ ಒಳಗೊಳಗ ಆಸೆ ಇತ್ತು" ಅಂದ. ಮನೆ ನಾಲ್ಕು ಹೆಜ್ಜೆಯಲ್ಲಿತ್ತು. ಮಾಸ್ತರರು ಎದ್ದೂ ನಿಂತರು. ಮುತ್ಯಾನ ಮುಖ ನೋಡಿದರು. ಆಮೇಲೆ ಡಗ್ಗಾ ಎಳೆದುಕೊಂಡು ಕುಳಿತರು.

"ಅವ್ರು ಬ್ಯಾಡ ಅಂದಿದ್ರು. ಇನ್ನೊಮ್ಮೆ ಬ್ಯಾಡ ಅನ್ನಾಕ ಈಗ ಅವ್ರಿಗೆ ಬಾಯಿ ಇಲ್ಲ. ಬಾಯಿ ಇಲ್ಲದಾವ್ರ ಮ್ಯಾಲೆ ಗೆಲ್ಲಬಾರ್ದು. ಹಾಡ್ರಿ."

ಹಾಡಿದರು. ಹೊತ್ತು ನೆತ್ತಿಗೆ ಬಂದು ಮುತ್ಯಾನನ್ನು ಎತ್ತುವ ತನಕ ಆ ಎಡಗೈ ನಿಲ್ಲಲಿಲ್ಲ. ಹಾಡುವವರಾರಿಗೂ ಉಸಿರು ತುಂಡಾಗುತ್ತಿರಲಿಲ್ಲ. ಆದರೂ ಮುತ್ಯಾನ ಉಸಿರು ತುಂಡಾಗುತ್ತಿದ್ದ ಜಾಗ ಬಂದಾಗೆಲ್ಲ ಮಾಸ್ತರರು ಆ ಉದ್ದನೆಯ ಗುಂಗು ಎಳೆಯುತ್ತಿದ್ದರು.

ಅದಾದ ಮೇಲೆ ಮೇಳದವರು ಎಷ್ಟು ಹೇಳಿದರೂ ಗಿಟಾರು ಗುಡಿಗೆ ಹೋಗಲಿಲ್ಲ. ಮನೆಯಲ್ಲೂ ಗೂಟಕ್ಕೆ ತೂಗುಬಿದ್ದಿತು. ರವಿವಾರ ಬಾಗಿಲು ತೆರೆದೇ ಇರುತ್ತಿತ್ತು. ಸಂತೆಯಲ್ಲಿ ಕುಂಬಳಕಾಯಿ ಮಾರುವಾಕೆ ತಾನಾಗಿ ಕಾಯಿ ಮುಂದೆ ಹಿಡಿದರೂ ಬಡಿಯದೆ ಚೀಲಕ್ಕೆ ಹಾಕಿಕೊಂಡು ಬಂದರು. ಆ ಕಾಯಿಯಲ್ಲಿ ತಿರುಳು ತುಂಬಿತ್ತು. ಅಕ್ಕಾರು ಪಲ್ಯ ಮಾಡಿದರು, ಆದರೆ ಅವತ್ತು ಊಟ ಯಾರಿಗೂ ರುಚಿಸಲಿಲ್ಲವಂತೆ.

ಮಳೆಗಾಲ ಹಿಡಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಮೈಕಿನ ಚಾಚಾ ಸುದ್ದಿ ತಂದರು. ಹೊಸಪೇಟೆಯಲ್ಲಿ ಇನ್ನೊಂದು ಆರ್ಕೆಸ್ಟ್ರಾ ಮುರಿದಿದೆ, ಅವರದೂ ಅದೇ ನಾಲ್ಕು ತಂತಿಯದು, ಇದಕ್ಕಿಂತ ಉದ್ದ, ಕೇಳುವವರಿಲ್ಲದೆ ಬಿದ್ದಿದೆ. ನಾನೂ ಅಲ್ಲೇ ಕಟ್ಟೆಯ ಮೇಲಿದ್ದೆ. ಮಾಸ್ತರರು ಚಹಾದ ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ಇದ್ದದ್ದನ್ನ ಬಾರ್ಸಾಕತ್ತಿಲ್ಲ ಚಾಚಾ. ನನಗ್ಯಾಕ ಅದು? ಬ್ಯಾಡ."

ಅಕ್ಕಾರು ಒಳಗಿನಿಂದ ಹೊರಗೆ ಬಂದರು. ಬ್ಯಾಡ ಎಂಬ ಆ ಒಂದು ಮಾತಿಗೆ ಆ ತಾಯಿ ಮದುವೆಯಾದಂದಿನಿಂದ ಕಾದಿದ್ದರು. ಈಗ ಅದು ಬಂದಿತ್ತು. ಅವರ ಮುಖ ಮಾತ್ರ ಬಿಳಿಚಿಕೊಂಡಿತ್ತು. ಗಂಡನನ್ನು ನೋಡಿದರು, ಚಾಚಾನನ್ನು ನೋಡಿದರು, ಸೆರಗಿನಿಂದ ಕೈ ಒರೆಸಿಕೊಂಡರು.

"ರೀ, ಮನಿಗೆ ಎರಡು ಬಾಗಲಾ ಅದಾವ. ಹಿತ್ತಲ ಬಾಗಲಾ ಮೂಕಾಗಿ ನಿಂತೈತಿ. ನಾ ಪಾತ್ರಿ ತಿಕ್ಕಿ ಬೆನ್ನು ಆನಿಸೂದು ಅದಕ್ಕ. ಅಲ್ಲೊಂದು ಇರ್ಲಿ ಬಿಡ್ರಿ, ಏನೀಗ?"

ಮಾಸ್ತರರು ಬಟ್ಟಲು ಕೆಳಗಿಟ್ಟರು. ಹೆಂಡತಿಯ ಮುಖವನ್ನೇ ನೋಡಿದರು. ಎಡಗೈ ಕಟ್ಟೆಯ ಕಲ್ಲಿನ ಮೇಲೆ ಒಂದು ಸಲ ಮೆಲ್ಲಗೆ ಆಡಿತು.

"ಚಾಚಾ," ಅಂದರು, "ಅದರ ತಲಿ ಎಷ್ಟು ಗಟ್ಟಿ ಐತಂದ್ರಿ? ಹಿತ್ತಲ ಬಾಗಲಾ ಬೇವಿಂದು, ಆನಿಸಿದ್ರ ತಡಿಬೇಕಲ್ಲ."

ನಾನು ಅಂಗಿ ಹಾಕಿಕೊಂಡು ಬರಲು ಮನೆಗೆ ಎದ್ದೆ. ಹೊಸಪೇಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.